ಹಳೆಯ ಕಾರೂ ಯೋಗ್ಯತಾಪತ್ರವೂ

ಎತ್ತು ಕೊಳ್ಳಲು ಜಾತ್ರೆಗೆ ಹೋದ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂಬುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಮೊದಲು ಬಾಯಿ ತೆರೆಸಿ ಹಲ್ಲು ನೋಡುವರು, ಸುಳಿ ನೋಡುವರು, ಬೆನ್ನ ಮೇಲೆ ಕೈಯಾಡಿಸುವರು, ಕಡೆಗೆ ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ಗಾಡಿಗೆ ಹೂಡಿ ನೋಡುವರು. ಮಾರುವವನು ಎಷ್ಟೇ ಆಣೆಯಿಟ್ಟರೂ ತಮ್ಮ ಕಣ್ಣನ್ನೇ ನಂಬುವರು. ಅವರ ಮೊಮ್ಮಕ್ಕಳಾದ ನಾವು ಹಳೆಯ ಮೋಟಾರು ಕಾರು ಕೊಳ್ಳಲು ಹೋದಾಗ ಏನು ಮಾಡುತ್ತೇವೆ? ಬಣ್ಣ ನೋಡುತ್ತೇವೆ; ಸೀಟಿನ ಮೇಲೆ ಕುಳಿತು ಬಾಗಿಲನ್ನು ಒಮ್ಮೆ ಎಳೆದು ಹಾಕುತ್ತೇವೆ; ಅನಂತರ “ಎಫ್.ಸಿ. ಎಲ್ಲಿಯ ತನಕ ಇದೆ?” ಎಂದು ಕೇಳುತ್ತೇವೆ. “ಇನ್ನೂ ನಾಲ್ಕು ವರ್ಷ ಇದೆ ಸ್ವಾಮಿ” ಎಂಬ ಉತ್ತರ ಬಂದರೆ ನಮ್ಮ ಪರೀಕ್ಷೆ ಮುಗಿಯಿತು.

ಈ ಎಫ್.ಸಿ. ಎಂಬುದನ್ನು ಸರ್ಕಾರದ ಕಾಗದಗಳಲ್ಲಿ ಅರ್ಹತಾ ಪತ್ರವೆಂದು ಕರೆಯುತ್ತಾರೆ. ನನಗೆ ಯೋಗ್ಯತಾಪತ್ರವೆಂಬ ಹೆಸರು ಹೆಚ್ಚು ಹಿಡಿಸುತ್ತದೆ. ‘ಯೋಗ್ಯ’ ಎಂಬ ಶಬ್ದ ‘ಯುಜ್’ ಧಾತುವಿನಿಂದ ಹುಟ್ಟಿದ್ದು. ನೊಗಕ್ಕೆ ಹೂಡಲು ತಕ್ಕದ್ದು ಎಂಬುದು ಅದರ ಹಳೆಯ ಅರ್ಥಗಳಲ್ಲಿ ಒಂದು. ವ್ಯಾಕರಣದ ಪಾಠ ಹೇಳಿ ಜೀವನ ಮಾಡುವ ನನಗೆ ಯಂತ್ರಶಾಸ್ತ್ರದಲ್ಲಿ ಪ್ರವೇಶವಿಲ್ಲ. ಆದರೂ ಈ ಪತ್ರದ ವಿಚಾರವಾಗಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಭಾವಮೈದುನ ಒಂದು ಹಳೆಯ ಕಾರು ಕೊಂಡ. ಯಾವ ಕಂಪನಿಯದು, ಯಾರಿಂದ ಕೊಂಡದ್ದು ಎಂಬುದು ಇಲ್ಲಿ ಬೇಡ. ಹದಿನೈದು ವರ್ಷ ದಾಟಿದ್ದ ಗಾಡಿ. ಆದರೆ ಹೊಸದಾಗಿ ಪರೀಕ್ಷೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಪತ್ರದ ಅವಧಿ ಮುಂದೆ ನಾಲ್ಕು ವರ್ಷಕ್ಕೂ ಮಿಕ್ಕಿ ಇತ್ತು. ಆ ಬೇಸಗೆಯಲ್ಲಿ ನನ್ನ ಅತ್ತೆಯವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ನಾವು ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ಅರ್ಧ ದಾರಿಯಲ್ಲಿ, “ಭಾವ, ಬ್ರೇಕು ಮೆತ್ತಗಾಯಿತು” ಎಂದ. ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಕಾಲಿಟ್ಟರೆ ಪೆಡಲು ಹಲಗೆಯ ತನಕ ಇಳಿಯುತ್ತಿತ್ತು. ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಅವನು ಗಾಬರಿಯಾಗದೆ ಎರಡನೆಯ ಗೇರಿಗೆ, ಆಮೇಲೆ ಮೊದಲನೆಯ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತ, ಪ್ರಪಾತದ ಕಡೆ ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದ. ಬಾಗಿಲು ತರಚಿತು, ಯಾರಿಗೂ ಏನೂ ಆಗಲಿಲ್ಲ.

ಇದಕ್ಕಿಂತ ಆಶ್ಚರ್ಯದ ಸಂಗತಿ ಮುಂದಿದೆ. ಅರ್ಧ ಗಂಟೆ ಕಳೆದು ಪೆಡಲು ಒತ್ತಿ ನೋಡಿದರೆ ಬ್ರೇಕು ಮೊದಲಿನಂತೆಯೇ ಗಟ್ಟಿಯಾಗಿತ್ತು! ನಿಧಾನವಾಗಿ ಉಜಿರೆ ತಲುಪಿ ಒಂದು ವರ್ಕ್‌ಷಾಪಿನಲ್ಲಿ ತೋರಿಸಿದೆವು. ಅಲ್ಲಿನ ವಯಸ್ಸಾದ ಮೇಸ್ತ್ರಿ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು, “ನೋಡಿ ಮೇಷ್ಟ್ರೇ, ಇದು ಆಯಿಲ್ ಅಲ್ಲ, ಕಾಫಿ ಡಿಕಾಕ್ಷನ್ನು. ಎಷ್ಟು ವರ್ಷದಿಂದ ಬದಲಾಯಿಸಿಲ್ಲವೋ!” ಎಂದರು. “ಎಫ್.ಸಿ. ಆಗಿದೆಯಲ್ಲ?” ಎಂದು ನಾನು ಕೇಳಿದೆ. ಅವರು ನಕ್ಕು, “ಎಫ್.ಸಿ. ಮೈದಾನದಲ್ಲಿ ಘಾಟಿ ಇಲ್ಲವಲ್ಲ” ಎಂದರು. ಈ ಒಂದು ಮಾತಿನಲ್ಲಿ ನನ್ನ ಲೇಖನದ ಸಾರವೆಲ್ಲ ಅಡಗಿದೆ.

ಏನಾಗಿತ್ತೆಂದರೆ, ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಂಟು. ಡಾಟ್ 3 ಎಂಬ ಸಾಧಾರಣ ವರ್ಗದ ದ್ರವ ಹೊಸದಾಗಿದ್ದಾಗ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದರಲ್ಲಿ ನೂರಕ್ಕೆ 3.7 ಭಾಗದಷ್ಟು ನೀರು ಸೇರಿತೆಂದರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಮೇಲಿಂದ ಮೇಲೆ ಬ್ರೇಕು ಒತ್ತಿದಾಗ ಚಕ್ರದ ಬಳಿ ಶಾಖ ಏರುತ್ತದೆ. ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗದು, ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆವಿಯಾದರೋ ಒತ್ತಿದಷ್ಟೂ ಕುಗ್ಗುತ್ತದೆ. ಆದಕಾರಣ ಕಾಲಿನ ಬಲವೆಲ್ಲ ಗುಳ್ಳೆ ಒತ್ತುವುದಕ್ಕೇ ವ್ಯಯವಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ಅಂದು ಆ ಅರ್ಧ ಗಂಟೆಯ ನಂತರ ನಮ್ಮ ಗಾಡಿಯನ್ನು ಪರೀಕ್ಷೆಯ ಮೈದಾನಕ್ಕೆ ಒಯ್ದಿದ್ದರೆ ಅದು ಮತ್ತೊಮ್ಮೆ ಉತ್ತೀರ್ಣವಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಪತ್ರ ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ತಪ್ಪಾಗಿ ಓದಿದ್ದೆವು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಅಧಿನಿಯಮದಂತೆ ಸ್ವಂತ ಉಪಯೋಗದ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆ ಬಳಿಕ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಇದಕ್ಕೆ 25ನೆಯ ನಮೂನೆಯ ಅರ್ಜಿ. ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದ ಸಲ್ಲಿಸಬಹುದು. ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು; ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇನ್ನೂ ಹೆಚ್ಚಿತು. ಗಾಡಿಯನ್ನು ಪರೀಕ್ಷಿಸುವವರು ಮೋಟಾರು ವಾಹನ ನಿರೀಕ್ಷಕರು. ನಮ್ಮ ಜನ ಅವರಿಗೆ ಬಹಳ ಹಿಂದೆಯೇ ‘ಬ್ರೇಕ್ ಇನ್ಸ್‌ಪೆಕ್ಟರು’ ಎಂದು ಹೆಸರಿಟ್ಟಿದ್ದಾರೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಬಾಡಿಗೆಗೆ ಓಡುವ ಕಾರನ್ನು, ಅದಕ್ಕೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯಬೇಕು. ಮನೆಯ ಕಾರಿಗಾದರೆ ಮೊದಲ ಹದಿನೈದು ವರ್ಷ ಕಾನೂನಿನ ಪರೀಕ್ಷೆಯೇ ಇಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ. ಅಪರಿಚಿತರನ್ನು ಕೂರಿಸುವ ಗಾಡಿಯನ್ನು ಸರ್ಕಾರ ವರ್ಷವರ್ಷ ನೋಡುತ್ತದೆ. ನಮ್ಮ ಮಕ್ಕಳನ್ನು ಕೂರಿಸುವ ಗಾಡಿಯನ್ನು ನೋಡುವ ಹೊಣೆಯನ್ನು ನಮಗೇ ಬಿಟ್ಟಿದೆ. ಆ ಹೊಣೆಯನ್ನು ನಾವು ಹೊತ್ತಿದ್ದೇವೆಯೆ?

ಇಂಗ್ಲೆಂಡಿನ ಉದಾಹರಣೆಯೊಂದಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ 1960ರಲ್ಲಿ ಇಂತಹ ಪರೀಕ್ಷೆ ಆರಂಭವಾದಾಗ ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅನುಭವದಿಂದ ಆ ವಯಸ್ಸನ್ನು ಇಳಿಸುತ್ತ ಬಂದು 1967ರಲ್ಲಿ ಮೂರು ವರ್ಷಕ್ಕೆ ತಂದರು. ಅಲ್ಲಿಂದ ಮುಂದೆ ಪ್ರತಿವರ್ಷವೂ ಪರೀಕ್ಷೆ. ಹಾಗಿದ್ದರೂ ಮೊದಲ ಸಲ ತಂದ ಕಾರುಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಅನುತ್ತೀರ್ಣವಾಗುತ್ತದೆ. ಕಾರಣಗಳಲ್ಲಿ ಮುಂದೆ ನಿಲ್ಲುವುವು ದೀಪ, ಸಸ್ಪೆನ್ಷನ್, ಬ್ರೇಕು, ಟೈರು, ಎಂಜಿನ್ ಅಲ್ಲ. ಯಾವ ಕಾರು ಯಾವ ವರ್ಷ ಏತಕ್ಕೆ ಸೋತಿತೆಂಬುದನ್ನು ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಓದಬಹುದು. ಆದರೂ ಈ ಪರೀಕ್ಷೆಯ ಫಲ ಪರೀಕ್ಷೆ ನಡೆದ ಹೊತ್ತಿನ ಸ್ಥಿತಿಗೆ ಮಾತ್ರ ಸಂಬಂಧಿಸಿದ್ದು, ವರ್ಷವಿಡೀ ಗಾಡಿ ಸರಿಯಾಗಿರುತ್ತದೆಂಬ ಭರವಸೆಯಲ್ಲ ಎಂದು ಅಲ್ಲಿನ ಸರ್ಕಾರವೇ ಎಚ್ಚರಿಸುತ್ತದೆ. ಒಂದು ವರ್ಷಕ್ಕೇ ಹೊಣೆ ಹೊರದ ಮಾತನ್ನು ನಾವು ಐದು ವರ್ಷಕ್ಕೆ ಜಾಮೀನೆಂದು ತಿಳಿಯುವುದು ಸರಿಯೆ?

ನಮ್ಮಲ್ಲಿಯೂ ಎಂಪರಿವಾಹನ್ ಎಂಬ ಸರ್ಕಾರದ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಎಫ್.ಸಿ., ವಿಮೆ, ಹೊಗೆ ಪರೀಕ್ಷೆ ಎಲ್ಲಿಯ ತನಕ ಇವೆಯೆಂದು ಕಾಣುತ್ತದೆ. ಮೋಸದ ಕಾಗದ ಗುರುತಿಸಲು ಇದು ಒಳ್ಳೆಯ ಸಾಧನ. ಕೊಳ್ಳುವವರು ತಪ್ಪದೆ ನೋಡತಕ್ಕದ್ದು. ಆದರೆ ಅಲ್ಲಿ ಕಾಣುವುದು ತಾರೀಖು ಮಾತ್ರ, ಗಾಡಿಯ ಗುಣದೋಷಗಳಲ್ಲ.

ಪರೀಕ್ಷೆಗೆ ಸಿಗುವುದು, ಸಿಗದಿರುವುದು

ಪರೀಕ್ಷೆ ಎಂಬುದರ ಸ್ವಭಾವವನ್ನು ಉಪಾಧ್ಯಾಯನಾದ ನಾನು ಚೆನ್ನಾಗಿ ಬಲ್ಲೆ. ವರ್ಷವೆಲ್ಲ ಓದಿದವನೂ ಉತ್ತೀರ್ಣನಾಗುತ್ತಾನೆ. ಹಿಂದಿನ ರಾತ್ರಿ ಉರು ಹಚ್ಚಿದವನೂ ಅಂಚಿನಲ್ಲಿ ದಾಟಿಕೊಳ್ಳುತ್ತಾನೆ. ‘ಉತ್ತೀರ್ಣ’ ಎಂಬ ಮಾತು ಇಬ್ಬರಿಗೂ ಒಂದೇ. ಕಾರುಗಳಲ್ಲಿಯೂ ಹೀಗೆಯೇ. ಪರೀಕ್ಷೆಯ ದಿನಕ್ಕೆಂದು ಮೇಸ್ತ್ರಿಯಿಂದ ಒಳ್ಳೆಯ ಟೈರು ಎರವಲು ತಂದು ಹಾಕಿ, ಮಾರನೆಯ ದಿನ ಸವೆದ ಟೈರನ್ನೇ ತೊಡಿಸುವವರುಂಟು. ಹೊಗೆ ಕಡಿಮೆ ಮಾಡಲು ಎಂಜಿನನ್ನು ಒಂದು ಗಂಟೆಯ ಮಟ್ಟಿಗೆ ಸರಿಪಡಿಸುವವರುಂಟು. ಇದೂ ಹಿಂದಿನ ರಾತ್ರಿಯ ಉರುವೇ.

ಮೋಸವೇ ಇಲ್ಲವೆನ್ನೋಣ, ನಿರೀಕ್ಷಕರು ಪ್ರಾಮಾಣಿಕರೇ ಎನ್ನೋಣ. ಆದರೂ ಅವರಿಗೆ ಸಿಗುವುದು ಕೆಲವೇ ನಿಮಿಷ. ಚಕ್ರ ಬಿಚ್ಚಿ, ನೆಲಹಾಸು ಕಿತ್ತು ನೋಡುವುದು ಆಗದ ಮಾತು. ಮೈದಾನದಲ್ಲಿ ಗಾಡಿ ಓಡುವುದೂ ಮೆಲ್ಲನೆ. ಇಲ್ಲಿ ಒಂದು ಲೆಕ್ಕವನ್ನು ನೆನಪಿಡಿ: ವೇಗ ಎರಡು ಪಟ್ಟಾದರೆ ಬ್ರೇಕು ಅಡಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೂವತ್ತು ಕಿಲೋಮೀಟರ್ ವೇಗದಲ್ಲಿ ಗಕ್ಕನೆ ನಿಂತ ಗಾಡಿ ಅರವತ್ತರಲ್ಲಿ ನಾಲ್ಕರಷ್ಟು ಕೆಲಸ ಮಾಡಬೇಕು. ಉರುಳೆಗಳ ಮೇಲೆ ಚಕ್ರ ತಿರುಗಿಸಿ ಬ್ರೇಕಿನ ಬಲವನ್ನು ಅಳೆಯುವ ಸ್ವಯಂಚಾಲಿತ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಹೊರಡಿಸಿತು. ಕಣ್ಣಳತೆಗಿಂತ ಯಂತ್ರದ ಅಳತೆ ಮೇಲು. ಆದರೆ ಯಂತ್ರವೂ ಅಳೆಯುವುದು ಅಂದಿನ ಬಲವನ್ನೇ, ಅದೂ ಕಾಯದ ಬ್ರೇಕಿನ ಬಲವನ್ನು.

ಇನ್ನು ಎಂಜಿನ್ ಆಯಿಲ್ ಕುಡಿಯುತ್ತದೆಯೆ, ಕ್ಲಚ್ಚು ಜಾರುತ್ತದೆಯೆ, ರೇಡಿಯೇಟರ್ ಕಟ್ಟಿಕೊಂಡಿದೆಯೆ ಎಂಬುದು ಸುರಕ್ಷತೆಯ ಪರೀಕ್ಷೆಯ ವಿಷಯವೇ ಅಲ್ಲ. ನಡುದಾರಿಯಲ್ಲಿ ನಿಂತುಹೋಗುವ ಕಾರೂ ಯೋಗ್ಯವೆನಿಸಬಹುದು. ಕೊಂಡವನ ಜೇಬಿಗೆ ಭಾರವಾಗುವ ದೋಷಗಳು ಬೇರೆ, ಪ್ರಾಣಕ್ಕೆ ಭಾರವಾಗುವ ದೋಷಗಳು ಬೇರೆ. ಪತ್ರಕ್ಕೆ ಸಂಬಂಧಿಸಿದ್ದು ಎರಡನೆಯದು ಮಾತ್ರ.

ಹಳೆಯ ಕಾರು ಸೋಲುವುದು ಎಲ್ಲಿ?

ನಮ್ಮ ಊರುಗಳಲ್ಲಿ ಹಳೆಯ ಕಾರೆಂದರೆ ಮೊದಲು ಕಣ್ಣಿಗೆ ಬರುವುದು ಮಾರುತಿ 800. ಮೂರು ಸಿಲಿಂಡರಿನ, 796 ಘನ ಸೆಂಟಿಮೀಟರಿನ ಈ ಪುಟ್ಟ ಕಾರಿನ ಮೊದಲ ಬೀಗದಕೈಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಕೊಂಡವರ ಕೈಗಿತ್ತರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಹೊಗೆಯ ಹೊಸ ನಿಯಮದ ಕಾರಣ 2010ರ ಏಪ್ರಿಲ್‌ನಿಂದಲೇ ಮಾರಾಟ ನಿಂತಿದ್ದಿತು. ಆದಕಾರಣ ಬೆಂಗಳೂರಿನಲ್ಲಿ ಹೊಸದಾಗಿ ಕೊಂಡ 800 ಕಾರುಗಳೆಲ್ಲ ಹದಿನೈದರ ಗಡಿಯನ್ನು ದಾಟಿವೆ. ಕಟ್ಟಕಡೆಯ ಕಾರುಗಳಿಗೂ 2029ರ ಸುಮಾರಿಗೆ ಆ ವಯಸ್ಸು ತುಂಬುತ್ತದೆ. ಬಿಡಿಭಾಗ ಅಗ್ಗ, ರಿಪೇರಿ ಸುಲಭ, ಓಡಿಸಲು ಹಗುರ ಎಂಬ ಕಾರಣಗಳಿಂದ ಇಂದಿಗೂ ಇದನ್ನು ಕೊಳ್ಳುವವರಿದ್ದಾರೆ. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ದೋಷಗಳನ್ನು ನೋಡೋಣ. ಮಾತು ಎಲ್ಲ ಹಳೆಯ ಚಿಕ್ಕ ಕಾರುಗಳಿಗೂ ಸಲ್ಲುತ್ತದೆ.

ಮೊದಲನೆಯ ಶತ್ರು ತುಕ್ಕು. ಲಾರಿಗಳಿಗೆ ಬಾಡಿಯೇ ಬೇರೆ, ಅದನ್ನು ಹೊರುವ ಷಾಸಿಯೇ ಬೇರೆ. ಇಂತಹ ಕಾರುಗಳಲ್ಲಿ ಹಾಗಲ್ಲ; ತಗಡಿನ ಬಾಡಿಯೇ ಮನೆಯ ತೊಲೆಯಂತೆ ಭಾರವನ್ನೆಲ್ಲ ಹೊರುತ್ತದೆ. ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ನೆಲ, ಬ್ಯಾಟರಿಯ ತಳ ಇವು ತುಕ್ಕು ಮೊದಲು ಹಿಡಿಯುವ ಜಾಗಗಳು. ಮಲೆನಾಡಿನ ಮಳೆಯಲ್ಲಿ ಕೆಸರು ಒಳಗೆ ಕೂತು ಒಣಗದೆ ತಿನ್ನುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಬಾಗಿಲಿನ ತುಕ್ಕು ಅಂದಕ್ಕೆ ಕುಂದು ಅಷ್ಟೆ. ಆದರೆ ಸೀಟು, ಸೀಟ್ ಬೆಲ್ಟು, ಸಸ್ಪೆನ್ಷನ್ನು ಬೋಲ್ಟ್ ಮಾಡಿರುವ ಜಾಗ ತುಕ್ಕು ತಿಂದಿದ್ದರೆ, ಅಪಘಾತದಲ್ಲಿ ಬೆಲ್ಟು ಹರಿಯದಿದ್ದರೂ ಅದನ್ನು ಹಿಡಿದ ತಗಡೇ ಕಿತ್ತು ಬರಬಹುದು. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಹುಟ್ಟಿದ್ದು ಕಾರಿಗಾಗಿ ಅಲ್ಲ. ಆದರೂ ಪುಟ್ಟಿ ಮೆತ್ತಿ, ಡಾಂಬರಿನಂತಹ ಕಪ್ಪು ಲೇಪ ಬಳಿದು, ಮೇಲೆ ಹೊಸ ಮ್ಯಾಟು ಹಾಸಿದ ಕಾರಿಗೆ ಇದಕ್ಕಿಂತ ಒಪ್ಪುವ ಮಾತು ಬೇರಿಲ್ಲ. ನಮ್ಮ ಭಾವಮೈದುನನ ಕಾರಿನ ಮ್ಯಾಟು ಎತ್ತಿದಾಗ ಕೆಳಗೆ ಕಂಡದ್ದೂ ಇದೇ: ಅಂಗೈಯಗಲದ ಎರಡು ತೇಪೆ.

ಎರಡನೆಯದು ಬ್ರೇಕು. ದ್ರವದ ಕಥೆ ಹೇಳಿದ್ದಾಯಿತು. ಹಿಂದಿನ ಚಕ್ರದ ಸಿಲಿಂಡರು ಸೋರಿ ಬ್ರೇಕ್ ಷೂಗಳ ಮೇಲೆ ಆಯಿಲು ಹರಿಯುವುದು, ಒಂದು ಕಡೆಯ ಬ್ರೇಕು ಹೆಚ್ಚು ಹಿಡಿದು ಗಾಡಿ ಪಕ್ಕಕ್ಕೆ ಎಳೆಯುವುದು, ರಬ್ಬರಿನ ಹೋಸು ಬಿರಿಯುವುದು, ಉಕ್ಕಿನ ಕೊಳವೆಗೆ ತುಕ್ಕು ಹಿಡಿಯುವುದು, ಹ್ಯಾಂಡ್ ಬ್ರೇಕಿನ ಕೇಬಲು ಹಿಗ್ಗಿ ಇಳಿಜಾರಿನಲ್ಲಿ ಗಾಡಿ ನಿಲ್ಲದಿರುವುದು ಇವು ಸಾಮಾನ್ಯ ದೋಷಗಳು. ಚಾರ್ಮಾಡಿಯಲ್ಲಿ ನಮ್ಮನ್ನು ಉಳಿಸಿದ್ದು ಗೇರು ಮತ್ತು ಹ್ಯಾಂಡ್ ಬ್ರೇಕು ಎಂಬುದನ್ನು ನೆನೆದರೆ ಆ ಕೇಬಲನ್ನು ಯಾರೂ ಅಲಕ್ಷಿಸಲಾರರು.

ಮೂರನೆಯದು ಸ್ಟಿಯರಿಂಗು ಮತ್ತು ಸಸ್ಪೆನ್ಷನ್ನು. ಬಾಲ್ ಜಾಯಿಂಟು, ಟೈ ರಾಡಿನ ತುದಿ, ರಬ್ಬರಿನ ಬುಶ್ಶು ಇವುಗಳ ಆಯುಸ್ಸನ್ನು ನಮ್ಮ ರಸ್ತೆಯ ಗುಂಡಿಗಳು ನಿರ್ಧರಿಸುತ್ತವೆ. ಗುಂಡಿಗೆ ಇಳಿದಾಗ ‘ಟಕ್’ ಎಂಬ ಸದ್ದು, ಸ್ಟಿಯರಿಂಗಿನಲ್ಲಿ ಹಿಡಿತವಿಲ್ಲದ ಆಟ, ಟೈರಿನ ಒಂದೇ ಅಂಚು ಸವೆಯುವುದು ಇವು ಮುನ್ಸೂಚನೆಗಳು. ಸದ್ದನ್ನು ನಾವು ರೂಢಿಮಾಡಿಕೊಳ್ಳುತ್ತೇವೆ, ಅಪಾಯವಿರುವುದು ಅಲ್ಲಿ.

ನಾಲ್ಕನೆಯದು ಟೈರು. ಕೇಂದ್ರ ನಿಯಮದಂತೆ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಕೂಡದು. ಗೀರಿನೊಳಗೆ ಅಡ್ಡಲಾಗಿ ಚಿಕ್ಕ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಆಯುಸ್ಸು ಮುಗಿಯಿತೆಂದೇ ಅರ್ಥ. ಗೀರು ಚೆನ್ನಾಗಿದ್ದರೂ ಮೋಸಹೋಗಬೇಡಿ. ಓಡದೆ ನಿಂತ ಕಾರಿನ ರಬ್ಬರೂ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಎತ್ತಿನ ಹಲ್ಲು ನೋಡುವುದೆಂದರೆ ಇದೇ!

ದೀಪಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಬ್ಬಾದ ಹೆಡ್‌ಲೈಟು, ಉರಿಯದ ಬ್ರೇಕ್ ಲೈಟು, ತುಕ್ಕು ಹಿಡಿದ ವೈರಿನ ತುದಿ. ಅತಿ ಅಗ್ಗದ ರಿಪೇರಿ ಇದೇ. ಅತಿ ಹೆಚ್ಚು ಅಲಕ್ಷ್ಯವೂ ಇದಕ್ಕೇ. ಹೊಗೆಯ ಪರೀಕ್ಷೆ ಪ್ರತ್ಯೇಕವಾದದ್ದು. ಹಳೆಯ ಕಾರುಗಳಿಗೆ ಆರು ತಿಂಗಳಿಗೊಮ್ಮೆ. ಭಾರತ್ ಹಂತದ ನಿಯಮಗಳಿಗೆ ಮುಂಚಿನ ಪೆಟ್ರೋಲು ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 3 ಭಾಗದ ತನಕ ಇರಬಹುದು. ಎರಡನೆಯ ಮತ್ತು ಮೂರನೆಯ ಹಂತಗಳ ಕಾರಿನಲ್ಲಿ 0.5 ಭಾಗ ಮಾತ್ರ. ಕಟ್ಟಿಕೊಂಡ ಏರ್ ಫಿಲ್ಟರು, ಸವೆದ ಪ್ಲಗ್ಗು, ಹದ ತಪ್ಪಿದ ಕಾರ್ಬುರೇಟರು ಇವೇ ಇಲ್ಲಿನ ಸೋಲಿಗೆ ಬಹುಮಟ್ಟಿಗೆ ಕಾರಣ.

ನಾವು ಮಾಡಬಹುದಾದ ಪರೀಕ್ಷೆ

ಹಳೆಯ ಕಾರು ಕೊಳ್ಳಹೊರಟ ಗೃಹಸ್ಥರು ಪತ್ರವನ್ನು ಓದಿದ ಮೇಲೆ ತಮ್ಮದೇ ಪರೀಕ್ಷೆಯನ್ನು ಆರಂಭಿಸಲಿ. ಹಗಲಿನಲ್ಲಿಯೇ ನೋಡಿರಿ. ಮ್ಯಾಟುಗಳನ್ನೂ ಸ್ಟೆಪ್ನಿಯನ್ನೂ ಎತ್ತಿಸಿ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿರಿ. ಗಟ್ಟಿ ತಗಡಿನ ದನಿ ಬೇರೆ, ಪುಟ್ಟಿಯ ದನಿ ಬೇರೆ. ಎಂಜಿನ್ ನಡೆಯುತ್ತಿರುವಾಗ ಬ್ರೇಕ್ ಪೆಡಲನ್ನು ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಬ್ರೇಕ್ ಆಯಿಲಿನ ಬಣ್ಣ ನೋಡಿರಿ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕು ಎಳೆದು ನಿಲ್ಲಿಸಿರಿ. ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ದೀಪಗಳನ್ನೆಲ್ಲ ಹಾಕಿಸಿರಿ. ಕಡೆಗೆ, ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೇಸ್ತ್ರಿಗೆ ಕೂಲಿ ಕೊಟ್ಟು, ಗಾಡಿಯನ್ನು ಎತ್ತಿಸಿ, ನಾಲ್ಕು ಚಕ್ರವನ್ನೂ ಬಿಚ್ಚಿಸಿ ನೋಡಿಸಿರಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಈಗಾಗಲೇ ಹಳೆಯ ಕಾರು ಇರುವವರು ವರ್ಷಕ್ಕೊಂದು ದಿನವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆಯುಧಪೂಜೆಯ ಹಿಂದಿನ ವಾರವಾದರೆ ಮರೆಯುವ ಹಾಗಿಲ್ಲ. ಗಾಡಿಗೆ ಹೂವಿನ ಹಾರ ಹಾಕುವ ಮೊದಲು ಅದರ ಬ್ರೇಕು, ಟೈರು, ಬಾಲ್ ಜಾಯಿಂಟುಗಳನ್ನು ನೋಡಿಸಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಬದಲಾಯಿಸಿದರೆ ಪೂಜೆ ಸಾರ್ಥಕವಾದಂತೆಯೇ. ಘಾಟಿ ಇಳಿಯುವಾಗ, ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಬುದ್ಧಿವಾದವನ್ನೂ ಮರೆಯದಿರಿ.

ನನ್ನ ಭಾವಮೈದುನನ ಬಳಿ ಆ ಕಾರು ಇನ್ನೂ ಇದೆ. ತೇಪೆ ಕಿತ್ತು ಹೊಸ ತಗಡು ಬೆಸೆಸಿದ್ದಾನೆ; ಬ್ರೇಕಿನ ಭಾಗಗಳನ್ನೆಲ್ಲ ಬದಲಾಯಿಸಿದ್ದಾನೆ. ಮುಂದಿನ ವರ್ಷ ನನ್ನ ಅತ್ತೆಯವರು ಅದೇ ಕಾರಿನಲ್ಲಿ, ಅದೇ ಘಾಟಿಯಲ್ಲಿ, ತೂಕಡಿಸುತ್ತ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದರು. ಪತ್ರದಲ್ಲಿ ತಾರೀಖು ಬದಲಾಗಿರಲಿಲ್ಲ, ಬದಲಾಗಿದ್ದುದು ಗಾಡಿ.